ರಾಗಿ ಕಣ ಮುಗಿಸಿ ಕಾಶಿಗೆ ಹೊರಟವರಿಗೆ

ನಮ್ಮ ತಾಲ್ಲೂಕಿನ ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ್ದ ಪಾಂಪ್ಲೆಟಿನಲ್ಲಿ ಗಂಗೆಯ ಮೇಲೆ ಕಿತ್ತಳೆ ಬಣ್ಣದ ಸೂರ್ಯ ಹುಟ್ಟುತ್ತಿದ್ದ. ಕೆಳಗೆ ದಪ್ಪಕ್ಷರದಲ್ಲಿ ‘ಸೂರ್ಯೋದಯದ ಗಂಗಾಸ್ನಾನ, ದೋಣಿ ವಿಹಾರ, ಎಲ್ಲಾ ಸೇರಿ 18 ಸಾವಿರ’ ಎಂದು ಬರೆದಿತ್ತು. ಹೋದ ಜನವರಿಯಲ್ಲಿ ನಾವು ಅದೇ ಪಾಂಪ್ಲೆಟ್ ನಂಬಿಕೊಂಡು ಕಾಶಿಗೆ ಹೋಗಿ ಬಂದೆವು. ಸೋಮವಾರ ಮಧ್ಯಾಹ್ನದಿಂದ ಬುಧವಾರ ಸಂಜೆಯವರೆಗೆ ಅಲ್ಲಿದ್ದೆವು. ಸೂರ್ಯ ಕಂಡಿದ್ದು ಬುಧವಾರ ಮಧ್ಯಾಹ್ನ ಅರ್ಧ ಗಂಟೆ ಮಾತ್ರ. ಅದೂ ಕಿತ್ತಳೆ ಬಣ್ಣವಲ್ಲ, ಮಜ್ಜಿಗೆಯಲ್ಲಿ ಅದ್ದಿ ತೆಗೆದ ರೂಪಾಯಿ ಬಿಲ್ಲೆಯ ಹಾಗೆ.

ಇದು ಕಾಶಿಯ ಮೇಲಿನ ದೂರಲ್ಲ. ಸೂರ್ಯ ಕಾಣದ್ದಕ್ಕೆ ನಮಗೆ ಬೇಜಾರೂ ಇಲ್ಲ. ನಮ್ಮ ತಕರಾರು ಬೇರೆ. ನಮ್ಮ ಹಳ್ಳಿಗಳ 60–70 ವರ್ಷದವರನ್ನು ಮಂಜಿನ ತಿಂಗಳಲ್ಲಿ ಅಷ್ಟು ದೂರ ಕರೆದುಕೊಂಡು ಹೋಗುವವರು ಮಂಜಿನ ವಿಷಯ ಒಂದು ಮಾತೂ ಹೇಳುವುದಿಲ್ಲ. ಕಳೆದುಹೋದ ಸಮಯವನ್ನು ರಾತ್ರಿ ರಸ್ತೆಯಲ್ಲಿ ಗಾಡಿ ಓಡಿಸಿ ಸರಿದೂಗಿಸುತ್ತಾರೆ. ಇದನ್ನು ನಿಲ್ಲಿಸಬೇಕು ಎನ್ನುವುದಕ್ಕೇ ಈ ಬರಹ.

ಜನವರಿಯಲ್ಲೇ ಯಾಕೆ ಹೋಗುತ್ತಾರೆ ಅಂತ ಪೇಟೆಯವರು ಕೇಳಬಹುದು. ನಮ್ಮ ಕಡೆಯವರಿಗೆ ಉತ್ತರ ಬೇಕಿಲ್ಲ. ಶಿರಾ, ಮಧುಗಿರಿ, ಪಾವಗಡ ಸೀಮೆಯಲ್ಲಿ ಶೇಂಗಾ ಕಿತ್ತು, ರಾಗಿ ಕುಯ್ದು, ಮೆದೆ ಹಾಕಿ, ಕಣ ಮುಗಿಸುವ ಹೊತ್ತಿಗೆ ಸಂಕ್ರಾಂತಿ ಹತ್ತಿರ ಬಂದಿರುತ್ತದೆ. ಈಗ ಮಿಷನ್ ಬಂದಿರುವುದರಿಂದ ಒಂದೆರಡು ವಾರ ಮುಂಚೆಯೇ ಕೆಲಸ ಮುಗಿಯುತ್ತದೆ. ಕೈಯಲ್ಲಿ ಒಂದಿಷ್ಟು ದುಡ್ಡು ಇರುವುದೂ ಆವಾಗಲೇ, ಮನೆ ಬಿಟ್ಟು ಹೊರಡಲು ಪುರುಸೊತ್ತು ಸಿಗುವುದೂ ಆವಾಗಲೇ. ಅಕ್ಟೋಬರಿನಲ್ಲಿ ಹೋಗಿ ಎಂದರೆ ಹೊಲ ಯಾರು ನೋಡುವುದು? ಮೇ ತಿಂಗಳಲ್ಲಿ ಹೋಗಿ ಎಂದರೆ ಅಲ್ಲಿನ ಬಿಸಿಲಿಗೆ ನಮ್ಮ ಅಜ್ಜಿಯರು ತಡೆಯುವುದಿಲ್ಲ. ಹಾಗಾಗಿ ಜನವರಿ. ಗಂಗೆಯ ಬಯಲಿನಲ್ಲಿ ಮಂಜು ಅತಿ ದಟ್ಟವಾಗಿ ಕೂರುವುದು ಡಿಸೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ. ನಮ್ಮ ಬಿಡುವು, ಅವರ ಮಂಜು ಎರಡೂ ಒಂದೇ ಹೊತ್ತಿಗೆ ಬರುತ್ತವೆ.

ಹೊರಟವರು ನಮ್ಮೂರು, ಪಕ್ಕದೂರು ಸೇರಿ 26 ಜನ. ನಮ್ಮ ದೊಡ್ಡಮ್ಮ, ಅವರ ಜೊತೆಗೆ ನಾವು. ಸಾರಿಗೆ ಬಸ್ಸಿನಲ್ಲಿ ಡ್ರೈವರ್ ಆಗಿದ್ದು ರಿಟೈರ್ ಆದ ಒಬ್ಬ ಮಾವ. ಹೈಸ್ಕೂಲ್ ಮೇಷ್ಟ್ರು ದಂಪತಿ. ಉಳಿದವರೆಲ್ಲ ಬೇಸಾಯದವರು. ಹೆಂಗಸರೇ ಹೆಚ್ಚು. ಸ್ಟ್ರಿಂಗರ್‌ಗಳಿಗೆ ರಜೆ ಅಂತ ಇಲ್ಲ, ಸುದ್ದಿ ಕಳಿಸದ ದಿನ ದುಡ್ಡೂ ಇಲ್ಲ. ಆದರೂ ದೊಡ್ಡಮ್ಮ ‘ನೀನು ಬಂದ್ರೆ ಮಾತ್ರ ಹೋಗದು’ ಎಂದು ಕೂತಿದ್ದರಿಂದ ಹೊರಟೆವು.

ರೈಲು ಜಬಲ್‌ಪುರ ದಾಟುವವರೆಗೂ ಚೆನ್ನಾಗಿಯೇ ಓಡಿತು. ಪುಳಿಯೋಗರೆ, ಚಟ್ನಿಪುಡಿ, ನಿಪ್ಪಟ್ಟು, ಹುರಿದ ಕಡ್ಲೆಬೀಜದ ಗಂಟುಗಳು ಬಿಚ್ಚಿದವು, ಖಾಲಿಯಾದವು. ಮಾಣಿಕ್‌ಪುರದ ಹತ್ತಿರ ಬೆಳಗಿನ ಜಾವ ಎಚ್ಚರವಾದಾಗ ಗಾಡಿ ನಿಂತಿತ್ತು. ಕಿಟಕಿಯಾಚೆ ಏನೂ ಇರಲಿಲ್ಲ. ಕತ್ತಲೂ ಅಲ್ಲ, ಬೆಳಕೂ ಅಲ್ಲ. ‘ಯಾರೋ ಕಿಟಕಿಗೆ ಸುಣ್ಣ ಬಳಿದವ್ರೆ’ ಎಂದರು ದೊಡ್ಡಮ್ಮ. ಸ್ವಲ್ಪ ಹೊತ್ತಿಗೆ ಗಾಡಿ ನಿಧಾನಕ್ಕೆ ಹೊರಟಿತು. ಹತ್ತು ನಿಮಿಷಕ್ಕೆ ಕೆಳಗಿನಿಂದ ಢಂ ಢಂ ಎಂದು ಎರಡು ಸದ್ದು. ಬೋಗಿಯಲ್ಲಿದ್ದವರೆಲ್ಲ ಬೆಚ್ಚಿ ಎದ್ದು ಕೂತರು.

ಆ ಸದ್ದಿನ ಕಥೆಯನ್ನು ಎದುರು ಸೀಟಿನಲ್ಲಿದ್ದ ರೈಲ್ವೆ ನೌಕರರೊಬ್ಬರು ಹೇಳಿದರು. ಮಂಜಿನಲ್ಲಿ ಸಿಗ್ನಲ್ ಕಾಣುವುದಿಲ್ಲ. ಅದಕ್ಕೆ ಸಿಗ್ನಲ್ ಬರುವ 270 ಮೀಟರ್ ಮೊದಲೇ ಹಳಿಯ ಮೇಲೆ ಪಟಾಕಿಯಂಥ ಎರಡು ಬಿಲ್ಲೆ ಕಟ್ಟಿರುತ್ತಾರೆ. ಇಂಜಿನ್ನಿನ ಚಕ್ರ ಹತ್ತಿದರೆ ಸಿಡಿಯುತ್ತವೆ. ಸದ್ದು ಕೇಳಿದ ಡ್ರೈವರ್‌ಗೆ ಮುಂದೆ ಸಿಗ್ನಲ್ ಇದೆ ಅಂತ ಗೊತ್ತಾಗುತ್ತದೆ. ಈಗ ಇಂಜಿನ್ನಿನಲ್ಲಿ ಜಿಪಿಎಸ್ ಇರುವ ಸಣ್ಣ ಪೆಟ್ಟಿಗೆಯೂ ಇರುತ್ತದೆ, ಅದು ಸಿಗ್ನಲ್ ಹತ್ತಿರ ಬಂತು ಎಂದು ಮೊದಲೇ ಹೇಳುತ್ತದೆ. ಆ ಪೆಟ್ಟಿಗೆ ಇದ್ದರೂ ಮಂಜಿನಲ್ಲಿ ಗಂಟೆಗೆ 75 ಕಿಲೋಮೀಟರ್ ದಾಟುವ ಹಾಗಿಲ್ಲ. ಮುಂದಿನ ಗಾಡಿ ನಿಂತರೆ ಹಿಂದಿನದೂ ನಿಲ್ಲಬೇಕು. ಹೀಗಾಗಿ ಒಂದು ಗಾಡಿಯ ತಡ ಹಿಂದಿನ ಹತ್ತು ಗಾಡಿಗೆ ಅಂಟುತ್ತದೆ. ಪ್ರತಿ ವರ್ಷ ಡಿಸೆಂಬರಿನಿಂದ ಫೆಬ್ರವರಿವರೆಗೆ ಉತ್ತರದ ಎಷ್ಟೋ ಗಾಡಿಗಳನ್ನು ಮಂಜಿನ ಕಾರಣಕ್ಕೇ ರೈಲ್ವೆಯವರು ಮೊದಲೇ ರದ್ದು ಮಾಡಿಬಿಡುತ್ತಾರೆ.

ರೈಲು ತಡವಾಗಿದ್ದಕ್ಕೆ ನಾವು ಯಾರನ್ನೂ ಬಯ್ಯುವುದಿಲ್ಲ. ಕಣ್ಣು ಕಾಣದಾಗ ನಿಧಾನಕ್ಕೆ ಹೋಗುವುದೇ ಸರಿ. ಆ ಮಾತು ಮುಂದಕ್ಕೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಭಾನುವಾರ ಬೆಳಗ್ಗೆ ಎಂಟಕ್ಕೆ ಪ್ರಯಾಗಕ್ಕೆ ಹೋಗಬೇಕಿದ್ದ ಗಾಡಿ ಸಂಜೆ ಮುಕ್ಕಾಲು ಐದಕ್ಕೆ ಹೋಯಿತು. ಅಷ್ಟರಲ್ಲಿ ಬೋಗಿಯ ನೀರು ಖಾಲಿ. ದೊಡ್ಡಮ್ಮನ ಬಿಪಿ ಮಾತ್ರೆ ಲಗೇಜಿನ ತಳದಲ್ಲಿ. ಜನವರಿಯಲ್ಲಿ ಅಲ್ಲಿ ಐದೂಕಾಲು ಐದೂವರೆಗೆಲ್ಲ ಹೊತ್ತು ಮುಳುಗುತ್ತದೆ. ಮಾಘಮೇಳದ ಗುಡಾರಗಳ ನಡುವೆ ನಡೆದು ಸಂಗಮ ಮುಟ್ಟುವಾಗ ಪೂರ್ತಿ ಕತ್ತಲು. ಸ್ನಾನ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ. ತಲೆಗೆ ನೀರು ಚಿಮುಕಿಸಿಕೊಂಡು ‘ಆಯ್ತು ಬಿಡು ಗಂಗಮ್ಮ’ ಎಂದು ವಾಪಸಾದರು.

ರಾತ್ರಿ ಒಂಬತ್ತು ಗಂಟೆಗೆ ಜಗಳ ಶುರುವಾಯಿತು.

ಟೂರ್ ನಡೆಸುವವರು ಎರಡು ಟಿಟಿ ಗಾಡಿ ನಿಲ್ಲಿಸಿಕೊಂಡಿದ್ದರು. ಪ್ರಯಾಗದಿಂದ ಕಾಶಿಗೆ ಹೆಚ್ಚುಕಮ್ಮಿ 120 ಕಿಲೋಮೀಟರ್. ‘ಈಗ ಹೊರಟ್ರೆ ಎರಡು ಗಂಟೆಗೆಲ್ಲ ರೂಮಲ್ಲಿ ಮಲಗ್ತೀರಿ. ಬೆಳಗ್ಗೆ ಸೋಮವಾರ. ಸ್ನಾನ, ವಿಶ್ವನಾಥನ ದರ್ಶನ ಎಲ್ಲಾ ಟೈಮಿಗೆ ಆಯ್ತದೆ’ ಎಂದರು. ಸೋಮವಾರ ಎಂದ ಕೂಡಲೇ ಹೆಂಗಸರೆಲ್ಲ ಗಾಡಿಯ ಕಡೆ ತಿರುಗಿದರು. ಶಿವನ ವಾರ ಕಾಶಿಯಲ್ಲಿ ಸಿಗುತ್ತದೆ ಎಂದರೆ ಯಾರು ಬಿಟ್ಟಾರು? ದೊಡ್ಡಮ್ಮ ಆಗಲೇ ಬ್ಯಾಗು ಹತ್ತಿಸಿದ್ದರು. ನಿಜ ಹೇಳಬೇಕೆಂದರೆ ನಾವೂ ಹೊರಡೋಣ ಎನ್ನುವ ಕಡೆಯೇ ಇದ್ದೆವು. ಎರಡು ರಾತ್ರಿ ರೈಲಿನಲ್ಲಿ ಕಳೆದಿದ್ದೆವು, ಎಲ್ಲಾದರೂ ಒಂದು ಹಾಸಿಗೆ ಸಿಕ್ಕರೆ ಸಾಕಿತ್ತು.

ಡ್ರೈವರ್ ಮಾವ ಮಾತ್ರ ರಸ್ತೆ ಬದಿಯ ಕಟ್ಟೆಯ ಮೇಲೆ ಬ್ಯಾಗಿಟ್ಟುಕೊಂಡು ಕೂತರು. ‘ನಾನು ಬರಲ್ಲ’ ಎಂದರು.

‘ಯಾಕೆ ಯಜಮಾನ್ರೇ?’

‘ಆ ದೀಪದ ಕಂಬ ಕಾಣ್ತೈತಾ ನೋಡಪ್ಪ. ಅದರ ಮುಂದಿಂದು ಕಾಣ್ತೈತಾ? ಇಲ್ಲ. ಊರೊಳಗೇ ಹಿಂಗಿದ್ರೆ ಹೈವೇಲಿ ಹೆಂಗೆ? ಮೂವತ್ತೊಂದು ವರ್ಷ ಸ್ಟೇರಿಂಗ್ ಹಿಡ್ದಿವ್ನಿ. ಮಳೇಲಿ ಓಡ್ಸಿವ್ನಿ, ಘಾಟಿ ಇಳ್ಸಿವ್ನಿ. ಇದ್ರಲ್ಲಿ ಓಡ್ಸಲ್ಲ, ಓಡ್ಸೋರ ಹಿಂದೆ ಕೂರೋದೂ ಇಲ್ಲ.’

ಆಮೇಲೆ ಎದ್ದು ಹೋಗಿ ಟಿಟಿ ಡ್ರೈವರ್ ಹತ್ತಿರ ನಿಂತರು. ಮಾವನಿಗೆ ಹಿಂದಿ ಬರುವುದು ಅಷ್ಟಕ್ಕಷ್ಟೆ. ಮೇಷ್ಟ್ರು ನಡುವೆ ನಿಂತು ಕೇಳಿದರು. ಹುಡುಗನಿಗೆ 23–24 ವರ್ಷ. ಹಿಂದಿನ ರಾತ್ರಿಯೂ ಇನ್ನೊಂದು ಗುಂಪನ್ನು ಕರೆದುಕೊಂಡು ಓಡಿಸಿದ್ದ, ಹಗಲು ಗಾಡಿಯಲ್ಲೇ ಎರಡು ತಾಸು ಮಲಗಿದ್ದ. ‘ಕೋಹರಾ ಬಹಳ ಇದೆ, ಆದರೆ ಮಾಲೀಕರು ಹೇಳಿದರೆ ಹೋಗಬೇಕು’ ಎಂದ. ಕೋಹರಾ ಎಂದರೆ ಮಂಜು. ನಮ್ಮ ಗುಂಪಿನ ಎಲ್ಲರೂ ಆ ರಾತ್ರಿ ಕಲಿತ ಹಿಂದಿ ಶಬ್ದ ಅದೊಂದೇ.

ಮಾವನ ಲೆಕ್ಕವನ್ನು ನಾವು ಆಮೇಲೆ ಕಾಗದದ ಮೇಲೆ ಹಾಕಿ ನೋಡಿದೆವು. ದೃಷ್ಟಿ 200 ಮೀಟರಿಗಿಂತ ಕಡಿಮೆ ಸಾಗಿದರೆ ಹವಾಮಾನ ಇಲಾಖೆ ಅದನ್ನು ದಟ್ಟ ಮಂಜು ಎನ್ನುತ್ತದೆ. 50 ಮೀಟರಿಗಿಂತ ಕಡಿಮೆಯಾದರೆ ಅತಿ ದಟ್ಟ. 50 ಮೀಟರ್ ಎಂದರೆ ನಮ್ಮೂರ ರಸ್ತೆಯ ಎರಡು ಕರೆಂಟು ಕಂಬಗಳ ನಡುವಿನಷ್ಟು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಅಂದರೆ ಮುಂದೆ ನಿಂತಿರುವ ಕಬ್ಬಿನ ಟ್ರಾಲಿ ಕಣ್ಣಿಗೆ ಬಿದ್ದು ಅದಕ್ಕೆ ಗುದ್ದುವವರೆಗೆ ಮೂರೇ ಸೆಕೆಂಡ್. ನಿದ್ದೆಗೆಟ್ಟ ಹುಡುಗನ ಕಾಲು ಬ್ರೇಕಿನ ಮೇಲೆ ಹೋಗುವುದಕ್ಕೇ ಒಂದೂವರೆ ಸೆಕೆಂಡ್ ಬೇಕು. ಹೆಡ್‌ಲೈಟನ್ನು ಜೋರು ಮಾಡಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ಇನ್ನೊಂದು ಮಾತು, ನಮ್ಮ ಬಗ್ಗೆಯೇ. ಉತ್ತರದಲ್ಲಿ ಮಂಜಿಗೆ ಬಸ್ಸು, ಲಾರಿ ಒಂದರ ಹಿಂದೊಂದು ಗುದ್ದಿಕೊಂಡ ಸುದ್ದಿ ಪ್ರತಿ ಚಳಿಗಾಲವೂ ಏಜೆನ್ಸಿಯಿಂದ ಬರುತ್ತದೆ. ಡೆಸ್ಕಿನಲ್ಲಿ ಕೂತಿದ್ದ ಒಂದು ವರ್ಷ ನಾವೇ ಅಂಥವನ್ನು ಕನ್ನಡಕ್ಕೆ ಮಾಡಿ, ಒಂದು ಕಾಲಮ್ಮಿಗೆ ಕತ್ತರಿಸಿ, ಒಳಪುಟದ ಮೂಲೆಗೆ ಹಾಕಿದ್ದೇವೆ. ಅವತ್ತು ರಾತ್ರಿ ಆ ಗಾಡಿ ಹತ್ತಲು ಹೊರಟಾಗ ಅದರಲ್ಲಿ ಒಂದು ಸುದ್ದಿಯೂ ನೆನಪಾಗಲಿಲ್ಲ. ನೆನಪಾಗಿದ್ದು ಹಾಸಿಗೆ.

ಜಗಳ ಒಂದು ಗಂಟೆ ನಡೆಯಿತು. ಮಾವನ ಕಡೆಗೆ ಮೊದಲು ಬಂದವರು ಮೇಷ್ಟ್ರ ಹೆಂಡತಿ. ಅಲ್ಲಿಂದ ಒಬ್ಬೊಬ್ಬರೇ ಇಳಿದರು. ಕೊನೆಗೆ ದೊಡ್ಡಮ್ಮ ಬ್ಯಾಗು ಇಳಿಸುತ್ತಾ, ‘ಶಿವ ಮಂಗ್ಳಾರನೂ ಅಲ್ಲೇ ಇರ್ತಾನೆ ಬಿಡು’ ಎಂದರು. ಮೇಳದ ಸಮಯವಾದ್ದರಿಂದ ರೂಮುಗಳೆಲ್ಲ ತುಂಬಿದ್ದವು. ಒಂದು ಧರ್ಮಶಾಲೆಯ ಹಜಾರದಲ್ಲಿ ತಲೆಗೆ 200 ರೂಪಾಯಿ ಕೊಟ್ಟು, ಜಮಖಾನದ ಮೇಲೆ ಸಾಲಾಗಿ ಮಲಗಿದೆವು. ಆ ದುಡ್ಡು ನಮ್ಮದೇ. ಟಿಟಿ ಹುಡುಗನೂ ನಮ್ಮ ಸಾಲಿನ ಕೊನೆಯಲ್ಲಿ ಬಂದು ಮಲಗಿದ, ಬೆಳಗ್ಗೆ ಒಂಬತ್ತರವರೆಗೆ ಏಳಲಿಲ್ಲ.

ಮಾರನೇ ದಿನ ಹತ್ತೂವರೆಗೆ ಮಂಜು ಸ್ವಲ್ಪ ಬಿಟ್ಟಿತು. ಮೂರು ಗಂಟೆಗೆ ಕಾಶಿಯಲ್ಲಿದ್ದೆವು.

ನಮ್ಮನ್ನು ಸರಿ ಎಂದು ತೋರಿಸುವಂಥದ್ದು ಏನೂ ಆಗಲಿಲ್ಲ. ಪಕ್ಕದ ಜಿಲ್ಲೆಯ ಇನ್ನೊಂದು ಗುಂಪು ಅದೇ ರಾತ್ರಿ ಪ್ರಯಾಗದಿಂದ ಹೊರಟು ಬೆಳಗಿನ ಜಾವ ಸುರಕ್ಷಿತವಾಗಿ ತಲುಪಿತ್ತು. ಸೋಮವಾರ ಬೆಳಗ್ಗೆಯೇ ದರ್ಶನ ಮಾಡಿತ್ತು. ಮಂಗಳವಾರ ಅಯೋಧ್ಯೆಗೂ ಹೋಗಿ ಬಂತು. ನಮಗೆ ಅಯೋಧ್ಯೆ ತಪ್ಪಿತು. ನಮ್ಮ ಗುಂಪಿನ ಮೂರ್ನಾಲ್ಕು ಮಂದಿ ಇವತ್ತಿಗೂ ಮಾವನ ಜೊತೆ, ನಮ್ಮ ಜೊತೆ ಸರಿಯಾಗಿ ಮಾತಾಡುವುದಿಲ್ಲ. ‘ಏನೂ ಆಗ್ಲಿಲ್ವಲ್ಲ ಅವ್ರಿಗೆ’ ಎನ್ನುತ್ತಾರೆ. ಹೌದು, ಆಗಲಿಲ್ಲ. ಕಣ್ಣು ಮುಚ್ಚಿಕೊಂಡು ಹೈವೇ ದಾಟಿದವರಲ್ಲೂ ಬಹಳ ಜನ ಆಚೆ ಸೇರುತ್ತಾರೆ.

ಇನ್ನು ಕಾಶಿ. ಊರಿನ ಗೆಳೆಯರು ‘ಮಂಜಲ್ಲಿ ಏನು ನೋಡಿದ್ರಿ, ಏನೂ ಕಾಣ್ಸಿಲ್ವಲ್ಲ’ ಎಂದು ಕೇಳುತ್ತಾರೆ. ಅದಕ್ಕೂ ಉತ್ತರ ಹೇಳಬೇಕು.

ನಮ್ಮೂರ ಕೆರೆಯ ಮೇಲೆ ಡಿಸೆಂಬರ್ ಬೆಳಗ್ಗೆ ಎದ್ದು ಎಂಟೂವರೆ ಒಂಬತ್ತಕ್ಕೆ ಕರಗಿಹೋಗುತ್ತದಲ್ಲ, ಅಂಥ ಮಂಜಲ್ಲ ಇದು. ಉತ್ತರಕ್ಕೆ ಹಿಮಾಲಯ, ದಕ್ಷಿಣಕ್ಕೆ ವಿಂಧ್ಯದ ದಿಣ್ಣೆಗಳು, ನಡುವೆ ತೊಟ್ಟಿಯ ಹಾಗೆ ಬಿದ್ದಿರುವ ಬಯಲು. ಆ ಬಯಲಿನಲ್ಲಿ ನದಿ, ಕಾಲುವೆ, ಆಗಷ್ಟೇ ನೀರು ಕಟ್ಟಿದ ಗೋಧಿ ಹೊಲ. ಗಾಳಿ ಅಲ್ಲಾಡುವುದಿಲ್ಲ. ಮೋಡವಿಲ್ಲದ ರಾತ್ರಿ ನೆಲದ ಕಾವೆಲ್ಲ ಆಕಾಶಕ್ಕೆ ಹೋಗಿ ನೆಲ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ತೇವದ ಗಾಳಿ ಹನಿ ಕಟ್ಟುತ್ತದೆ. ಮೇಲೆ ಸ್ವಲ್ಪ ಬೆಚ್ಚನೆಯ ಗಾಳಿ ಮುಚ್ಚಳದ ಹಾಗೆ ಕೂತಿರುತ್ತದೆ. ಒಲೆ, ಇಟ್ಟಿಗೆ ಗೂಡು, ಗಾಡಿಗಳ ಹೊಗೆ ಅದರ ಕೆಳಗೇ ಸಿಕ್ಕಿಕೊಂಡು, ಅದರ ಕಣ ಹಿಡಿದು ಇನ್ನಷ್ಟು ಹನಿ ಕಟ್ಟುತ್ತದೆ. ಹಗಲಿನ ಬಿಸಿಲಿಗೆ ಮುಚ್ಚಳ ಒಡೆಯುವಷ್ಟು ಬಲ ಇರುವುದಿಲ್ಲ. ಅದಕ್ಕೇ ಎರಡು ಮೂರು ದಿನವಾದರೂ ಸೂರ್ಯನ ಮುಖ ಇಲ್ಲ. ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಲ್ಲಿ ಮಾಮೂಲು. ನಮ್ಮ ಕಡೆ 15 ಆದರೇ ನಾವು ಕಂಬಳಿ ಹುಡುಕುವವರು.

ಸೋಮವಾರ ರಾತ್ರಿ ಎಂಟಕ್ಕೆ ದರ್ಶನವಾಯಿತು. ಸೋಮವಾರ ತಪ್ಪಲಿಲ್ಲ, ನೋಡಿ. ಕ್ಯೂನಲ್ಲಿ ಚಪ್ಪಲಿ ಬಿಟ್ಟು ತಣ್ಣನೆಯ ಕಲ್ಲಿನ ಮೇಲೆ ಎರಡು ತಾಸು ನಿಂತಿದ್ದಕ್ಕೆ ದೊಡ್ಡಮ್ಮನ ಪಾದ ಮರಗಟ್ಟಿ, ಆಚೆ ಬಂದು ಟೀ ಅಂಗಡಿಯ ಒಲೆಯ ಮುಂದೆ ಕಾಲು ಚಾಚಿ ಕೂತರು. ಅಂಗಡಿಯವನು ಏನೂ ಅನ್ನಲಿಲ್ಲ, ಸ್ಟೂಲನ್ನು ಒಲೆಯ ಹತ್ತಿರಕ್ಕೆ ಜರುಗಿಸಿದ. ಮಣ್ಣಿನ ಲೋಟದಲ್ಲಿ ಟೀ ಕೊಟ್ಟ. ಆ ಚಳಿಗೆ ಬೀದಿ ಬೀದಿಯಲ್ಲೂ ಸೌದೆ ಬೆಂಕಿ. ಅಲಾವ್ ಎನ್ನುತ್ತಾರೆ. ಅದರ ಸುತ್ತ ರಿಕ್ಷಾದವರು, ಸಾಧುಗಳು, ಪೊಲೀಸರು, ನಾಯಿಗಳು. ನಮ್ಮ ಗುಂಪಿನವರಿಗೆ ಭಾಷೆ ಬರದಿದ್ದರೂ ಬೆಂಕಿಯ ಮುಂದೆ ಜಾಗ ಸಿಗುತ್ತಿತ್ತು.

ಮಂಗಳವಾರ ಬೆಳಗ್ಗೆ ದೋಣಿ ಇಲ್ಲ ಎಂದರು. ಮಂಜು ಹೆಚ್ಚಾದ ದಿನ ನೀರಿನ ಮೇಲೆ ದೋಣಿ ಬಿಡುವುದಿಲ್ಲ, ಪೊಲೀಸರು ತಡೆಯುತ್ತಾರೆ. ಅಸ್ಸಿಯಿಂದ ಘಾಟುಗಳ ಮೇಲೆ ನಡೆದುಕೊಂಡೇ ಹೋದೆವು. ಹತ್ತು ಮೆಟ್ಟಿಲು ಕಾಣುತ್ತದೆ, ಹನ್ನೊಂದನೆಯದು ಕಾಣುವುದಿಲ್ಲ. ನೀರು ಎಲ್ಲಿಂದ ಶುರು ಅಂತ ಗೊತ್ತಾಗುವುದು ಅದರ ಸದ್ದಿನಿಂದ. ಯಾರೋ ಸ್ನಾನ ಮಾಡುತ್ತಿರುವುದು ಕೇಳುತ್ತದೆ, ಆಮೇಲೆ ಒಂದು ತಲೆ ಕಾಣುತ್ತದೆ. ಗಂಟೆ ಎಲ್ಲಿಂದಲೋ ಬಾರಿಸುತ್ತದೆ. ಕಾಶಿಯಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ, ಘಾಟುಗಳೆಲ್ಲ ಪೂರ್ವಕ್ಕೆ ಮುಖ ಮಾಡಿವೆ, ಅದಕ್ಕೇ ಸೂರ್ಯೋದಯದ ಫೋಟೋಗಳು ಅಷ್ಟು ಚಂದ. ನಮಗೆ ಪೂರ್ವವೂ ಇರಲಿಲ್ಲ, ಆಚೆ ದಡದ ಮರಳೂ ಇರಲಿಲ್ಲ.

ಹನುಮಾನ್ ಘಾಟ್ ಹತ್ತಿರ ಕರ್ನಾಟಕದ ಹೆಸರಿನ ಬೋರ್ಡು ಮಂಜಿನೊಳಗಿಂದ ತಟ್ಟನೆ ಎದುರಿಗೆ ಬಂದಾಗ ನಮ್ಮವರೆಲ್ಲ ನೆಂಟರ ಮನೆ ಸಿಕ್ಕ ಹಾಗೆ ನಿಂತುಬಿಟ್ಟರು. ಪಕ್ಕದಲ್ಲೇ ಹರಿಶ್ಚಂದ್ರ ಘಾಟ್. ನಮ್ಮೂರ ಹಬ್ಬದಲ್ಲಿ ‘ಸತ್ಯ ಹರಿಶ್ಚಂದ್ರ’ ನಾಟಕ ಎಷ್ಟು ಸಲ ಆಗಿದೆಯೋ ಲೆಕ್ಕವಿಲ್ಲ. ರಾಘವಾಂಕ ಕಾವ್ಯ ಬರೆದಿದ್ದು 13ನೇ ಶತಮಾನದಲ್ಲಿ, ರಾಜ್‌ಕುಮಾರ್ ಸಿನಿಮಾ ಬಂದಿದ್ದು 1965ರಲ್ಲಿ. ಕಾಶಿ ನೋಡದ ಕನ್ನಡದವರಿಗೂ ಈ ಸುಡುಗಾಡು ಗೊತ್ತು. ನಮ್ಮ ಗುಂಪಿನಲ್ಲಿ ಒಬ್ಬರು ನಾಟಕದಲ್ಲಿ ವೀರಬಾಹು ಪಾರ್ಟು ಮಾಡಿದವರು. ಅವರು ಅಲ್ಲಿ ಟವೆಲ್ಲು ಹೆಗಲಿಂದ ತೆಗೆದು ಸುಮ್ಮನೆ ನಿಂತರು. ಎರಡು ಚಿತೆ ಉರಿಯುತ್ತಿದ್ದವು. ಯಾವುದು ಹೊಗೆ, ಯಾವುದು ಮಂಜು ಗೊತ್ತಾಗುತ್ತಿರಲಿಲ್ಲ. ‘ನಾವು ಸ್ಟೇಜ್ ಮೇಲೆ ಹೊಗೆ ಬಿಡ್ತಿದ್ದೋ, ಇಲ್ಲಿ ಅದಾಗದೇ ಐತೆ’ ಎಂದರು ಆಮೇಲೆ. ನಗಬೇಕೋ ಬೇಡವೋ ತಿಳಿಯಲಿಲ್ಲ.

ತಿನ್ನುವ ವಿಷಯವನ್ನೂ ಹೇಳಿಬಿಡೋಣ. ಮಲೈಯೋ ಅಂತ ಒಂದು ಚಳಿಗಾಲದಲ್ಲಿ ಮಾತ್ರ ಸಿಗುತ್ತದೆ. ಹಾಲನ್ನು ಕಾಯಿಸಿ, ರಾತ್ರಿ ಇಬ್ಬನಿಗೆ ಇಟ್ಟು, ಬೆಳಗ್ಗೆ ಕಡೆದು ಎತ್ತಿದ ಕೇಸರಿ ಬಣ್ಣದ ನೊರೆ. ಬಾಯಿಗೆ ಹಾಕಿದರೆ ಇಲ್ಲ. ‘ದುಡ್ಡು ಕೊಟ್ಟು ಗಾಳಿ ತಿಂದಂಗಾಯ್ತು’ ಎಂದರು ದೊಡ್ಡಮ್ಮ, ಆದರೆ ಇನ್ನೊಂದು ತರಿಸಿಕೊಂಡರು. ಅವಲಕ್ಕಿಗೆ ಹಸಿ ಬಟಾಣಿ ಹಾಕಿ ಮಾಡುವ ಚೂಡಾ ಮಟರ್ ಮಾತ್ರ ಎಲ್ಲರಿಗೂ ಹಿಡಿಸಿತು. ಹೊಸ ಬಟಾಣಿ ಬರುವುದೂ ಈ ಮಂಜಿನಲ್ಲೇ.

ಬುಧವಾರ ಹನ್ನೊಂದೂವರೆಗೆ ದೋಣಿ ಬಿಟ್ಟರು. ದಡ ಬಿಟ್ಟು ಸ್ವಲ್ಪ ದೂರ ಹೋಗುತ್ತಿದ್ದಂತೆ ಘಾಟುಗಳೆಲ್ಲ ಮಾಯ. ಬಿಳಿಯೊಳಗಿಂದ ಬಿಳಿ ಹಕ್ಕಿಗಳು ಬಂದವು. ಚಳಿಗಾಲಕ್ಕೆ ದೂರದಿಂದ ವಲಸೆ ಬರುವ ಗಲ್ ಹಕ್ಕಿಗಳು. ದೋಣಿಯವನು ಬಾಯಲ್ಲಿ ಒಂದು ಥರ ಸದ್ದು ಮಾಡಿದರೆ ನೂರಾರು ಬಂದು ಸುತ್ತುತ್ತವೆ. ಕಾಶಿಗೆ ಹೋದವರು ಇಷ್ಟವಾದ ಒಂದು ಹಣ್ಣೋ ತರಕಾರಿಯೋ ಬಿಟ್ಟು ಬರಬೇಕಲ್ಲ, ಅದನ್ನು ದೋಣಿಯಲ್ಲೇ ಮುಗಿಸಿದರು. ಡ್ರೈವರ್ ಮಾವ ಹಾಗಲಕಾಯಿ ಬಿಟ್ಟರು. ಅವರು ಹುಟ್ಟಿದಾಗಿನಿಂದ ಹಾಗಲಕಾಯಿ ತಿಂದವರಲ್ಲ. ದೊಡ್ಡಮ್ಮ ಹಲಸಿನ ಹಣ್ಣು ಬಿಟ್ಟರು. ಅವರ ಹಿತ್ತಲಲ್ಲಿ ಎರಡು ಮರ ಇವೆ, ವರ್ಷವೆಲ್ಲ ಅದಕ್ಕೆ ಕಾಯುತ್ತಾರೆ. ‘ಬೇರೇದು ಬಿಡಮ್ಮ’ ಎಂದೆವು. ‘ಸುಲಭದ್ದು ಬಿಟ್ರೆ ಬಿಟ್ಟಂಗೆ ಆಯ್ತದಾ’ ಎಂದು ಮಾವನ ಕಡೆ ನೋಡಿದರು.

ನಮ್ಮ ಮಟ್ಟಿಗೆ ಮಂಜಿನ ಕಾಶಿ ಕಡಿಮೆ ಕಾಶಿ ಅಲ್ಲ. ಕಾಣುವುದು ಕಡಿಮೆಯಾದ ಕಾರಣಕ್ಕೋ ಏನೋ, ನಮ್ಮವರು ಫೋನು ಎತ್ತಿದ್ದು ಕಡಿಮೆ, ಕೈ ಹಿಡಿದುಕೊಂಡು ನಡೆದಿದ್ದು ಹೆಚ್ಚು. ಅದಕ್ಕೇ ‘ಜನವರಿಯಲ್ಲಿ ಹೋಗಲೇಬೇಡಿ’ ಎಂದು ನಾವು ಬರೆಯುವುದಿಲ್ಲ. ಹಾಗೆ ಬರೆದರೆ ನಮ್ಮ ಹಳ್ಳಿಯವರಿಗೆ ಹೋಗಲು ಬೇರೆ ತಿಂಗಳೂ ಇಲ್ಲ.

ಆದರೆ ಹೋಗುವುದಾದರೆ ಲೆಕ್ಕ ಬೇರೆ ಥರ ಹಾಕಬೇಕು. ಎಂಟು ದಿನದ ಟೂರಿನಲ್ಲಿ ಮೂರು ಕ್ಷೇತ್ರ ತುರುಕಿ, ರೈಲು ಟೈಮಿಗೆ ಬರುತ್ತದೆ ಎಂದು ನಂಬಿ ಮಾಡಿದ ಪಟ್ಟಿ ಮಂಜಿನ ತಿಂಗಳಲ್ಲಿ ಸುಳ್ಳು ಪಟ್ಟಿ. ರೈಲು ತಡವಾದಾಗ ಆ ತಡವನ್ನು ಯಾರ ತಲೆಯ ಮೇಲೆ ಹಾಕುತ್ತಾರೆ? ಟೂರ್ ನಡೆಸುವವರು ಡ್ರೈವರ್ ನಿದ್ದೆಯ ಮೇಲೆ ಹಾಕುತ್ತಾರೆ. ರೈಲ್ವೆ ಕಣ್ಣು ಕಾಣದಾಗ ನಿಧಾನ ಮಾಡುತ್ತದೆ, ಪೊಲೀಸರು ದೋಣಿ ನಿಲ್ಲಿಸುತ್ತಾರೆ. ನಮ್ಮ ಟಿಟಿ ಗಾಡಿಗೆ ಮಾತ್ರ ಕೇಳುವವರಿಲ್ಲ. ಪಟ್ಟಿಯಲ್ಲಿ ಒಂದು ದಿನ ಖಾಲಿ ಬಿಟ್ಟು, ಒಂದು ಕ್ಷೇತ್ರ ಕಡಿಮೆ ಮಾಡಿ, ಸೂರ್ಯ ಮುಳುಗಿದ ಮೇಲೆ ಬೆಳಗ್ಗೆ ಹತ್ತರವರೆಗೆ ರಸ್ತೆಗೆ ಇಳಿಯುವುದಿಲ್ಲ ಎಂದು ಪಾಂಪ್ಲೆಟಿನಲ್ಲೇ ಬರೆಯಲಿ. ಅದಕ್ಕೆ ಎರಡು ಸಾವಿರ ಹೆಚ್ಚು ಕೇಳಿದರೆ ಕೊಡೋಣ. ಬರೆಯದವರಿಗೆ ಅಡ್ವಾನ್ಸ್ ಕೊಡುವುದು ಬೇಡ.

ಸರ್ಕಾರದ ಪಾಲೂ ಇದೆ. ನಮ್ಮ ರಾಜ್ಯ ಕಾಶಿ ಯಾತ್ರಿಕರಿಗೆ 5,000 ರೂಪಾಯಿ ಸಹಾಯಧನದ ಯೋಜನೆ ತಂದಿತು, 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಕಾಶಿ ದರ್ಶನದ ವಿಶೇಷ ರೈಲೂ ಹೊರಟಿತು. ಒಳ್ಳೆಯದೇ, ನಮ್ಮೂರಿನ ಎಷ್ಟೋ ಮಂದಿ ಕಾಶಿಯ ಮಾತೆತ್ತಿದ್ದೇ ಅದರಿಂದ. ಹೋಗಲು ದುಡ್ಡು ಕೊಡುವವರು ಅರ್ಜಿಯ ಜೊತೆಗೆ ಕನ್ನಡದಲ್ಲಿ ಒಂದು ಪುಟ ಕೊಟ್ಟರೆ ಏನು ನಷ್ಟ? ಯಾವ ತಿಂಗಳು ಹೇಗಿರುತ್ತದೆ, ಏನು ಉಡಬೇಕು, ರಾತ್ರಿ ರಸ್ತೆ ಯಾಕೆ ಬೇಡ, ಇಷ್ಟು ಸಾಕು.

ಮನೆಯಲ್ಲಿ ಉಳಿಯುವ ಮಕ್ಕಳಿಗೂ ಒಂದು ಮಾತು. ಅಪ್ಪ ಅಮ್ಮನನ್ನು ಕಳಿಸುವಾಗ ಒಂದು ತೆಳ್ಳನೆಯ ಸ್ವೆಟರ್ ಹಾಕಿ ಕಳಿಸಬೇಡಿ. ಉಣ್ಣೆಯ ಕಾಲುಚೀಲ ಎರಡು ಜೊತೆ, ಮಂಕಿ ಕ್ಯಾಪು, ಒಳಗೆ ಹಾಕುವ ದಪ್ಪ ಬನಿಯನ್ನು ಬೇಕೇ ಬೇಕು. ಬಿಪಿ, ಸಕ್ಕರೆ, ಹೃದಯದ ಮಾತ್ರೆ ಕೈಚೀಲದಲ್ಲಿರಲಿ, ಎರಡು ಮೂರು ದಿನ ಹೆಚ್ಚಿಗೆ ಇರಲಿ. ಹೃದಯದ ತೊಂದರೆ ಇರುವವರು ಮುಂಜಾನೆಯ ಚಳಿಯಲ್ಲಿ ತಣ್ಣೀರಿಗೆ ಇಳಿದರೆ ರಕ್ತನಾಳ ಬಿಗಿದು ಬಿಪಿ ಏರುತ್ತದೆ. ಹೊರಡುವ ಮೊದಲು ಡಾಕ್ಟರನ್ನು ಕೇಳಿ, ಅಲ್ಲಿ ಮಧ್ಯಾಹ್ನ ಮುಳುಗಿ ಎಂದು ಹೇಳಿ. ಗಂಗೆ ಮಧ್ಯಾಹ್ನವೂ ಗಂಗೆಯೇ. ರೈಲಿನ ವಿಚಾರಕ್ಕೆ 139ಕ್ಕೆ ಫೋನ್ ಮಾಡಬಹುದು. ಹವಾಮಾನ ಇಲಾಖೆಯ ‘ಮೌಸಮ್’ ಆಪ್ ಹಾಕಿಕೊಂಡರೆ ಅಲ್ಲಿನ ಮಂಜಿನ ಎಚ್ಚರಿಕೆ ಇಲ್ಲಿಂದಲೇ ನೋಡಬಹುದು. ನೀವು ಇಲ್ಲಿಂದ ನೋಡಿ ‘ಇವತ್ತು ರಾತ್ರಿ ಹೊರಡಬೇಡಿ’ ಎಂದು ಒಂದು ಫೋನ್ ಮಾಡಿದರೆ, ಅಲ್ಲಿ ಕಟ್ಟೆಯ ಮೇಲೆ ಒಬ್ಬರೇ ಕೂತಿರುವ ಮಾವನಂಥವರಿಗೆ ಬಲ ಬರುತ್ತದೆ.

ಈ ಬರಹ ಹಾಕುತ್ತೇವೆ ಎಂದಾಗ ನಮ್ಮ ಬಳಗದ ಗೆಳೆಯರೊಬ್ಬರು, ‘ಹಳ್ಳಿಯವರು ಜೀವನದಲ್ಲಿ ಒಂದು ಸಲ ಹೋಗ್ತಾರೆ, ಯಾಕೆ ಹೆದರಿಸ್ತೀರಿ’ ಎಂದರು. ಒಂದು ಸಲ ಹೋಗುವವರು ಎಂಬುದಕ್ಕೇ ಹೇಳುತ್ತಿದ್ದೇವೆ. ಹತ್ತು ಸಲ ಹೋಗುವವರಿಗೆ ಮಂಜು ತಾನೇ ಕಲಿಸುತ್ತದೆ.

ಹೋದ ವಾರ ಅದೇ ಟೂರಿನವರು ಊರಿಗೆ ಬಂದಿದ್ದರು. ಈ ಸಲದ ಪಾಂಪ್ಲೆಟಿನಲ್ಲೂ ಅದೇ ಕಿತ್ತಳೆ ಸೂರ್ಯ. ಡ್ರೈವರ್ ಮಾವ ಅರಳಿಕಟ್ಟೆಯ ಮೇಲೆ ಕನ್ನಡಕ ಹಾಕಿಕೊಂಡು ಎರಡೂ ಕಡೆ ಓದಿದರು. ‘ರಾತ್ರಿ ಎಲ್ಲಿ ಮಲಗ್ಸೋದು ಅಂತ ಬರ್ದಿಲ್ವಲ್ಲಪ್ಪ’ ಎಂದು ವಾಪಸ್ ಕೊಟ್ಟರು. ಅವರು ಪೆನ್ನು ತೆಗೆದು ಹಿಂದುಗಡೆ ಏನೋ ಬರೆಯತೊಡಗಿದರು. ದೊಡ್ಡಮ್ಮ ಅಷ್ಟು ದೂರದಿಂದಲೇ ಕೂಗಿ ಕೇಳಿದರು, ‘ಅಯೋಧ್ಯೆ ಸೇರ್ಸಿದೀಯೇನಪ್ಪಾ ಈ ಸಲ?’